ಹಾಳೆತಟ್ಟೆ ಮೆಷಿನ್ ಸಿಲಿಂಡರ್ ಸೋರುತ್ತಿದೆ, ಯಾವ ರಬ್ಬರ್ ರಿಂಗ್ ಹಾಕಲಿ?

ತಟ್ಟೆಮೆಷಿನ್_ತೀರ್ಥಹಳ್ಳಿ:
ನಮ್ಮದು ಅಡಿಕೆ ಹಾಳೆ ತಟ್ಟೆ ಮಾಡುವ ಹೈಡ್ರಾಲಿಕ್ ಮೆಷಿನ್, ಐದು ಡೈ (ತಟ್ಟೆ ಒತ್ತುವ ಬಿಸಿ ಅಚ್ಚು). 68 ನಂಬರ್ ಹೈಡ್ರಾಲಿಕ್ ಎಣ್ಣೆ, ಗೇಜಿನಲ್ಲಿ 80 ಕೆಜಿ ಒತ್ತಡ. ಸಿಲಿಂಡರ್ ಕೆಳಗಿನ ಗ್ಲ್ಯಾಂಡ್ (ರಾಡ್ ಹೊರಬರುವ ಬಾಯಿಯ ಮುಚ್ಚಳ) ಹತ್ತಿರ ಸೋರುತ್ತದೆ, ನಾಲ್ಕು ತಿಂಗಳಲ್ಲಿ ಮೂರು ಸಲ ಓ ರಿಂಗ್ ಬದಲಿಸಿದೆ. ಮೊದಲನೆಯದು ಮಾಮೂಲಿ ಕಪ್ಪು ರಿಂಗ್, ಒಂದೂವರೆ ತಿಂಗಳಿಗೆ ಹಪ್ಪಳದ ಹಾಗೆ ಮುರಿಯಿತು. ಆಮೇಲೆ ಅಂಗಡಿಯವರು "ಇದು ಹೀಟಿಗೆ ತಡೆಯುತ್ತೆ" ಅಂತ ಬೇರೆ ಕೊಟ್ಟರು, ಅದು ಹತ್ತೇ ದಿನಕ್ಕೆ ಊದಿಕೊಂಡು ಮೆತ್ತಗಾಗಿ ವಾಪಸ್ ಗ್ರೂವಿನಲ್ಲಿ (ರಿಂಗ್ ಕೂರುವ ಗಾಡಿಯಲ್ಲಿ) ಕೂರಲೇ ಇಲ್ಲ. ಈಗ ಮತ್ತೆ ಕಪ್ಪು ಹಾಕಿದ್ದೇನೆ, ಹನಿ ಶುರುವಾಗಿದೆ. ಎಣ್ಣೆ ಬಿದ್ದ ತಟ್ಟೆಯಲ್ಲಿ ಯಾರಿಗೆ ಊಟ ಬಡಿಸೋದು ಹೇಳಿ. ಎಲ್ಲಾ ಕಡೆ ವೈಟಾನ್ (ಹೆಚ್ಚು ಬಿಸಿ ತಡೆಯುವ ದುಬಾರಿ ರಬ್ಬರ್) ಹಾಕಿಬಿಡಲಾ? ಅಂಚು ಕತ್ತರಿಸುವ ಮೆಷಿನ್ನಿನ ಏರ್ ಸಿಲಿಂಡರಿಗೂ?

ಫಿಟ್ಟರ್_ಉದ್ಯಮಬಾಗ್:
ಊದಿಕೊಂಡಿದ್ದು ಇಪಿಡಿಎಂ ಇರಬೇಕು ಸರ್. ಶಾಖ, ಬಿಸಿನೀರು, ಹಬೆ, ಗಾಡಿಯ ಬ್ರೇಕ್ ಆಯಿಲ್ ಇವಕ್ಕೆಲ್ಲ ಅದು ಒಳ್ಳೆಯ ರಬ್ಬರೇ, ಆದರೆ 68 ನಂಬರ್ ಥರದ ಮಿನರಲ್ ಎಣ್ಣೆ ತಾಗಿದರೆ ಕುಡಿದು ಉಬ್ಬುತ್ತದೆ. ಅಂಗಡಿಯವರು ಹೀಟು ಅಂದಿದ್ದು ಸುಳ್ಳಲ್ಲ, ಎಣ್ಣೆ ಯಾವುದು ಅಂತ ಕೇಳಲಿಲ್ಲ ಅಷ್ಟೇ. ಕಪ್ಪು ರಿಂಗ್ ನೈಟ್ರೈಲ್, ಎಣ್ಣೆಗೆ ಸರಿಯಾದದ್ದು, ಆದರೆ ಸುಮಾರು 100 ಡಿಗ್ರಿಯ ತನಕ ಮಾತ್ರ. ಅದರ ಮೇಲೆ ದಿನಗಟ್ಟಲೆ ಬೆಂದರೆ ಗಟ್ಟಿಯಾಗಿ ಸೀಳುತ್ತದೆ.

ನಿಮ್ಮ ಡೈ ಹೀಟರ್ ಮೇಲೇ ಸಿಲಿಂಡರ್ ರಾಡ್ ಇದೆ ಅಲ್ವಾ, ಶಾಖ ರಾಡ್ ಹಿಡಿದು ನೇರ ಗ್ಲ್ಯಾಂಡಿಗೆ ಏರುತ್ತದೆ. ಹಾಗಾಗಿ ಗ್ಲ್ಯಾಂಡಿನ ಓ ರಿಂಗ್ ಮತ್ತು ರಾಡ್ ಸೀಲ್ ಎರಡನ್ನೂ ವೈಟಾನ್ ಮಾಡಿ, 200 ಡಿಗ್ರಿವರೆಗೂ ತಡೆಯುತ್ತದೆ. ರಾಡ್ ಸೀಲ್ ಮಾಮೂಲಿ ಪಾಲಿಯುರೆಥೇನ್ ಇದ್ದರೆ ಸವೆತಕ್ಕೆ ಗಟ್ಟಿ ನಿಜ, ಈ ಬಿಸಿಗೆ ಬಾಳದು. ಪಂಪು, ವಾಲ್ವು, ಟ್ಯಾಂಕಿನ ಕಡೆ ನೈಟ್ರೈಲೇ ಸಾಕು, ಅಲ್ಲೆಲ್ಲ ವೈಟಾನ್ ಅಂದರೆ ಸುಮ್ನೆ ದುಡ್ಡು ದಂಡ, ಬೆಲೆ ಹಲವು ಪಟ್ಟು ಜಾಸ್ತಿ.

ಅದಕ್ಕಿಂತ ಮೊದಲು ಡೈಗೂ ರಾಡಿಗೂ ನಡುವೆ ಶಾಖ ತಡೆಯುವ ಶೀಟ್ ಇದೆಯಾ ನೋಡಿ. ಇಲ್ಲದಿದ್ದರೆ ವೈಟಾನ್ ಹಾಕಿದರೂ ಒಳಗಿನ ಎಣ್ಣೆ ಕಾದು ತೆಳ್ಳಗಾಗುತ್ತದೆ.

ವರ್ನಿಯರ್ಅಣ್ಣ:
ಸೈಜ್ ಹೇಗೆ ತಗೊಂಡಿರಿ? ಹಳೇ ರಿಂಗಿಗೆ ವರ್ನಿಯರ್ ಹಿಡಿದಿದ್ದರೆ ಮೋಸ ಹೋದಿರಿ, ಚಪ್ಪಟೆಯಾದದ್ದೋ ಊದಿದ್ದೋ ಯಾವತ್ತೂ ನಿಜ ಹೇಳಲ್ಲ. ಗ್ರೂವ್ ಅಳೆಯಿರಿ. ಅಂಗಡಿಯಲ್ಲಿ ಇಂಚಿನ 5.33 ಮತ್ತು ಜಪಾನ್ ಅಳತೆಯ 5.7 ದಪ್ಪದ ರಿಂಗ್ ಒಂದೇ ಡಬ್ಬಿಯಲ್ಲಿ ಬಿದ್ದಿರುತ್ತವೆ, ಕಣ್ಣಿಗೆ ಗೊತ್ತೇ ಆಗಲ್ಲ. 4.6 ಮಿ.ಮೀ. ಆಳದ ಜಾಗಕ್ಕೆ 5.7 ಹಾಕಿದರೆ 19 ಪರ್ಸೆಂಟ್ ಅದುಮುತ್ತದೆ, 5.33 ಹಾಕಿದರೆ 14ಕ್ಕೂ ಕಮ್ಮಿ. ಅಲುಗದ ಜಾಗದಲ್ಲಿ ಅಷ್ಟು ಕಮ್ಮಿ ಹಿಡಿತ ಇದ್ದರೆ ರಬ್ಬರ್ ಸ್ವಲ್ಪ ಸೊರಗಿದ ಕೂಡಲೇ ಹನಿ.

ಇನ್ನೊಂದು, ತೆಗೆದ ರಿಂಗ್ ಬಿಸಾಡಬೇಡಿ. ಇಡೀ ರಿಂಗ್ ಚಪ್ಪಟೆ, ಗಟ್ಟಿ ಆಗಿದ್ದರೆ ಶಾಖ. ಒಂದು ಅಂಚು ಇಲಿ ಕಡಿದ ಹಾಗಿದ್ದರೆ ಸಂದು ದೊಡ್ಡದು, ಒತ್ತಡಕ್ಕೆ ರಬ್ಬರ್ ಆ ಸಂದಿಗೆ ನುಗ್ಗಿದೆ, ಆಗ ಟೆಫ್ಲಾನ್ ಬ್ಯಾಕಪ್ ರಿಂಗ್ ಬೇಕು ಅಥವಾ 70ರ ಬದಲು 90 ಶೋರ್ (ರಬ್ಬರ್ ಗಡಸು ಅಳೆಯುವ ಮಾನ) ಗಡಸಿನದು. ನೀಟಾಗಿ ಒಂದೇ ಕಡೆ ಕೊಯ್ದಿದ್ದರೆ ಅದು ರಬ್ಬರಿನ ತಪ್ಪಲ್ಲ, ಹಾಕುವಾಗ ಥ್ರೆಡ್ಡಿಗೋ ಸ್ಕ್ರೂಡ್ರೈವರ್ ತುದಿಗೋ ಸಿಕ್ಕಿದೆ. ಥ್ರೆಡ್ ಮೇಲೆ ಟೇಪ್ ಸುತ್ತಿ, ಎಣ್ಣೆ ಸವರಿ ಜಾರಿಸಿ.

ಗಾಳಿಗುಂಡಣ್ಣ:
ಏರ್ ಸಿಲಿಂಡರಿಗೆ ವೈಟಾನ್ ಯಾಕೆ ಮಾರಾಯ್ರೆ! 6 ಬಾರ್ ಗಾಳಿ, ಬಿಸಿಯೂ ಇಲ್ಲ. ನೈಟ್ರೈಲ್ ಲಿಪ್ ಸೀಲ್ (ತುಟಿಯಂಥ ಅಂಚಿರುವ ಸೀಲ್) ಸಾಕು. ಗಾಳಿಯಲ್ಲಿ ಸೋರಿಕೆಗಿಂತ ಉಜ್ಜಾಟ ದೊಡ್ಡ ತಲೆನೋವು. ಹೈಡ್ರಾಲಿಕ್ ಲೆಕ್ಕದಲ್ಲಿ ಬಿಗಿಯಾದ ಓ ರಿಂಗ್ ಪಿಸ್ಟನ್ನಿಗೆ ಹಾಕಿದರೆ ಅದು ಜರ್ಕ್ ಹೊಡೆದುಕೊಂಡು ಓಡುತ್ತದೆ, ನಿಮ್ಮ ತಟ್ಟೆ ಅಂಚು ಸೊಟ್ಟ. ಒಳಗೆ ತೆಳ್ಳಗೆ ಗ್ರೀಸ್ ಸವರಿ, ಕಂಪ್ರೆಸರ್ ಟ್ಯಾಂಕಿನ ನೀರು ದಿನಾ ಬಿಡಿ. ಲಿಪ್ಪಿನ ಬಾಯಿ ಒತ್ತಡ ಬರುವ ಕಡೆಗೇ ಇರಲಿ, ತಿರುಗಿಸಿ ಹಾಕಿದವರನ್ನು ಎಷ್ಟೋ ನೋಡಿದ್ದೇನೆ (ನಾನೂ ಒಬ್ಬ).

ತಟ್ಟೆಮೆಷಿನ್_ತೀರ್ಥಹಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬಿಚ್ಚಿದೆ. ಮೂರನೇ ರಿಂಗ್ ಇಡೀ ಚಪ್ಪಟೆ, ಉಗುರು ಒತ್ತಿದರೆ ಗುರುತು ಬೀಳಲ್ಲ. ಶಾಖ ತಡೆಯುವ ಶೀಟ್ ಐದರಲ್ಲಿ ಮೂರು ಡೈಗೆ ಇದೆ, ಎರಡಕ್ಕೆ ಇಲ್ಲವೇ ಇಲ್ಲ, ಸೋರುತ್ತಿದ್ದುದೂ ಆ ಎರಡೇ! ಗ್ರೂವ್ ಆಳ ನಾಳೆ ಲೇತಿನವರ ಹತ್ತಿರ ಅಳೆಸುತ್ತೇನೆ. ಒಂದು ಡೌಟು: ವೈಟಾನ್ ಕಂದು ಬಣ್ಣದ್ದೇ ಅಲ್ವಾ? ಸುಟ್ಟು ನೋಡಿದರೆ ಗೊತ್ತಾಗುತ್ತೆ ಅಂತ ಒಬ್ಬರು ಹೇಳಿದರು.

ಫಿಟ್ಟರ್_ಉದ್ಯಮಬಾಗ್:
ಸುಡಬೇಡಿ ಸರ್, ದಯವಿಟ್ಟು. ವೈಟಾನ್ ಸುಟ್ಟರೆ ಹೈಡ್ರೋಫ್ಲೋರಿಕ್ ಆಮ್ಲ ಬರುತ್ತದೆ, ಚರ್ಮ, ಶ್ವಾಸಕೋಶ ಎರಡಕ್ಕೂ ವಿಷ. ಬಣ್ಣ ನಂಬಬೇಡಿ, ಕಪ್ಪು ವೈಟಾನ್ ಇದೆ, ಕಂದು ಬಣ್ಣದ ಬೇರೆ ರಬ್ಬರೂ ಇದೆ. ಒಂದೇ ಸೈಜಿನ ನೈಟ್ರೈಲ್ ಪಕ್ಕದಲ್ಲಿಟ್ಟು ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿ, ವೈಟಾನ್ ಸುಮಾರು ಒಂದೂವರೆ ಪಟ್ಟು ಭಾರ ಬರುತ್ತದೆ.