ಸೆಫ್ ಪೆಸಿಫಿಕ್‌ನಿಂದ ರೀಫ್‌ಗೆ: 71% ತುಂಬಿದ ನಾಲ್ಕು ಸರ್ವರ್, ಮೂರು ಫೈಲ್‌ಸ್ಟೋರ್ ಡಿಸ್ಕ್

ಕಾಗಿಣಾ_ಅಡ್ಮಿನ್ (ಕಲಬುರಗಿ):

ನಮಸ್ಕಾರ್ರೀ. ಇಲ್ಲಿ ಕಲಬುರಗಿಯೊಳಗ ಒಂದು ಕಾಲೇಜಿನ ಸೆಫ್ (ಭಾಳ ಸರ್ವರ್‌ಗಳ ಡಿಸ್ಕ್ ಕೂಡಿಸಿ ಒಂದೇ ಸಂಗ್ರಹ ಮಾಡೋ ಸಾಫ್ಟ್‌ವೇರ್) ಕ್ಲಸ್ಟರ್ ಪೆಸಿಫಿಕ್ 16.2.15 ಆವೃತ್ತಿ ಮ್ಯಾಲೆ ನಡದದ. ರೀಫ್ 18.2ಕ್ಕ ಒಯ್ಯಬೇಕಾಗ್ಯದ.

ಸರ್ವರ್ ನಾಲ್ಕು, ಒಂದೊಂದರೊಳಗ 8 ಟಿಬಿ ಹಾರ್ಡ್‌ಡಿಸ್ಕ್ ಆರಾರು, 480 ಜಿಬಿ ಎಸ್‌ಎಸ್‌ಡಿ ಒಂದೊಂದು. ಮಾನ್ (ಕ್ಲಸ್ಟರ್‌ನ ಸ್ಥಿತಿ ನೋಡ್ಕೊಳ್ಳೋ ಮಾನಿಟರ್ ಸೇವೆ) ಮೂರು, ಅವೂ ಇದೇ ಸರ್ವರ್‌ಗಳ ಮ್ಯಾಲೇ ಅವ. ಉಬುಂಟು 20.04, ಸೆಫ್‌ನವರದೇ ರೆಪೊದಿಂದ ಏಪ್ಟ್ ಮೂಲಕ ಹಾಕಿದ್ದು, ಕಂಟೇನರ್ ಇಲ್ಲ. ಪೂಲ್ (ಡೇಟಾದ ಗುಂಪು) ಎಲ್ಲಾ ಮೂರು ಪ್ರತಿ, ಮಿನ್‌ಸೈಜ್ 2 (ಓದು-ಬರಹ ನಡೀಲಿಕ್ಕೆ ಇರಲೇಬೇಕಾದ ಪ್ರತಿ), ಫೇಲ್ಯೂರ್ ಡೊಮೇನ್ ಹೋಸ್ಟ್ (ಒಂದೊಂದು ಪ್ರತಿ ಬ್ಯಾರೆ ಬ್ಯಾರೆ ಸರ್ವರ್‌ನೊಳಗ). ಕೆವಿಎಂ ವಿಎಂಗಳು (ವರ್ಚುವಲ್ ಮಷಿನ್) ಆರ್‌ಬಿಡಿ (ಸೆಫ್ ಕೊಡೋ ವರ್ಚುವಲ್ ಡಿಸ್ಕ್) ಮ್ಯಾಲೆ ನಡೀತಾವ. ಸೆಫ್‌ಎಫ್‌ಎಸ್ (ಸೆಫ್‌ನ ಫೈಲ್‌ಸಿಸ್ಟಮ್) ಇಲ್ಲ. ಜಾಗ 71% ತುಂಬ್ಯದ. ಒಂದು ಸರ್ವರ್‌ನ ಮೂರು ಒಎಸ್‌ಡಿ (ಒಂದೊಂದು ಡಿಸ್ಕ್ ನಡೆಸೋ ಸೇವೆ) ಇನ್ನೂ ಫೈಲ್‌ಸ್ಟೋರ್ (ಡಿಸ್ಕ್ ಮ್ಯಾಲೆ ಡೇಟಾ ಇಡೋ ಹಳೇ ವಿಧಾನ) ಅವ.

ನಡುವಿನ ಕ್ವಿನ್ಸಿ ಬಿಟ್ಟು ನೇರ ರೀಫ್‌ಗೆ ಹಾರಬಹುದೇನ್ರೀ? ವಿಎಂ ಬಂದ್ ಮಾಡಬೇಕೇನು? ಬ್ಯಾಸಗಿ ಸೂಟಿಯೊಳಗ ಮಾಡೋ ವಿಚಾರ ಅದ. ಕರೆಂಟ್ ಹೋಗೋದು ಇದ್ದದ್ದೇ, ಯುಪಿಎಸ್ ಅರ್ಧ ತಾಸು ತಡೀತದ.

ಮಾಂಜ್ರಾ_ನೋಡ್ (ಬೀದರ್):

ಹಾರಬಹುದು ಸರ್. ಪೆಸಿಫಿಕ್ 16ರಿಂದ ರೀಫ್ 18ಕ್ಕ ನೇರ ಹೋಗೋದು ಅಧಿಕೃತ ದಾರಿನೇ. ಆದರ ನಿಮ್ಮ ಕ್ಲಸ್ಟರ್‌ನೊಳಗ ಆವೃತ್ತಿಗಿಂತ ಖಾಲಿ ಜಾಗದ ಲೆಕ್ಕನೇ ದೊಡ್ಡದು.

ಮೊದಲ ಫೈಲ್‌ಸ್ಟೋರ್. ರೀಫ್‌ನೊಳಗ ಅದನ್ನ ಪೂರಾ ತೆಗೆದಾರ, ಆ ಮೂರು ಒಎಸ್‌ಡಿ ಹೊಸ ಬೈನರಿ ಮ್ಯಾಲೆ ಏಳಂಗೇ ಇಲ್ಲ. ಮೂರನ್ನೂ ಪೆಸಿಫಿಕ್ ಇರುವಾಗಲೇ ಬ್ಲೂಸ್ಟೋರ್ (ಹೊಸ ವಿಧಾನ) ಮಾಡ್ಕೊಳ್ರಿ. ಸೆಫ್ ಒಎಸ್‌ಡಿ ಕೌಂಟ್-ಮೆಟಾಡೇಟಾ ಕಮಾಂಡಿಗೆ ಒಎಸ್‌ಡಿ_ಆಬ್ಜೆಕ್ಟ್‌ಸ್ಟೋರ್ ಕೊಟ್ರ ಯಾವ ನಮೂನಿ ಎಷ್ಟು ಅವ ಅಂತ ತೋರಸ್ತದ. ಬ್ಲೂಸ್ಟೋರ್ 24 ಅಂತ ಬರೋತನಕ ರೆಪೊ ಮುಟ್ಟಬ್ಯಾಡ್ರಿ.

ಒಂದೊಂದೇ ಡಿಸ್ಕ್ ಔಟ್ ಮಾಡ್ರಿ, ಅಂದ್ರ ಅದರ ಡೇಟಾ ಬ್ಯಾರೆ ಡಿಸ್ಕಿಗೆ ಹೋಗ್ಲಿ. ಔಟ್ ಮಾಡಿದಾಗ ಹೋಸ್ಟಿನ ಕ್ರಶ್ ತೂಕ (ಡೇಟಾ ಹಂಚಿಕಿಯೊಳಗ ಅದರ ಪಾಲು) ಹಂಗೇ ಇರ್ತದ, ಅದಕ್ಕ ಒಂದಿಷ್ಟು ಡೇಟಾ ಅದೇ ಸರ್ವರ್‌ನ ಉಳಿದ ಐದು ಡಿಸ್ಕಿಗೆ ಬರ್ತದ. ಪೂರಾ ಅಲ್ಲೇ ಬಂತಂದ್ರ 71×6/5, ಅಂದ್ರ 85.2%. ನಿಯರ್‌ಫುಲ್ (ಎಚ್ಚರಿಕೆ) ಗಡಿ 85, ಬ್ಯಾಕ್‌ಫಿಲ್‌ಫುಲ್ (ಬ್ಯಾಕ್‌ಫಿಲ್, ಅಂದ್ರ ಡಿಸ್ಕಿಗೆ ಡೇಟಾ ತುಂಬೋದು, ನಿಲ್ಲೋ ಗಡಿ) 90, ಫುಲ್ (ಬರಿಯೋದೇ ನಿಲ್ಲೋ ಗಡಿ) 95. ಎರಡು ಡಿಸ್ಕ್ ಒಮ್ಮೆಲೇ ತೆಗೆದ್ರ ಇದೇ ಲೆಕ್ಕ 106ಕ್ಕ ಹೋಗ್ತದ. ಹಳೇ ಸ್ನ್ಯಾಪ್‌ಶಾಟ್, ಬಳಸದ ಇಮೇಜ್ ಮೊದಲೇ ಅಳಿಸಿ 65ಕ್ಕ ಇಳಿಸ್ಕೊಂಡ್ರ ಭಾಳ ಚಲೋ.

ಪಿಜಿ (ಡೇಟಾದ ಕಂತೆಗಳು) ಎಲ್ಲಾ ಆಕ್ಟಿವ್+ಕ್ಲೀನ್ (ಪ್ರತಿ ಎಲ್ಲಾ ಸರಿ) ಆದ ಮ್ಯಾಲೆ ಸೇಫ್-ಟು-ಡೆಸ್ಟ್ರಾಯ್ ಕೇಳ್ರಿ. ಹೌದಂದ್ರ ಒಎಸ್‌ಡಿ ನಿಲ್ಲಿಸಿ ಡೆಸ್ಟ್ರಾಯ್ ಮಾಡ್ರಿ, ಸೆಫ್-ವಾಲ್ಯೂಮ್ ಜ್ಯಾಪ್ ಹೊಡೆದು ಡಿಸ್ಕ್ ಅಳಿಸ್ರಿ, ಅದೇ ಐಡಿ ಕೊಟ್ಟು ಬ್ಲೂಸ್ಟೋರ್ ಆಗಿ ಕಟ್ರಿ. ಎಸ್‌ಎಸ್‌ಡಿ ಮ್ಯಾಲಿನ ಹಳೇ ಜರ್ನಲ್ ಪಾರ್ಟಿಷನ್ ಅಳಿಸಿ ಬ್ಲಾಕ್.ಡಿಬಿಗೆ (ಬ್ಲೂಸ್ಟೋರ್‌ನ ಮೆಟಾಡೇಟಾ ಇಡೋ ಜಾಗ) 80 ಜಿಬಿಯದೊಂದು ಎಲ್‌ವಿ (ಲಾಜಿಕಲ್ ವಾಲ್ಯೂಮ್) ಮಾಡ್ರಿ. ಅದು 8 ಟಿಬಿಯ 1%, ಆರ್‌ಬಿಡಿಗೆ ಸಾಕಾಗ್ತದ. ಇದನ್ನ ಸಣ್ಣದು ಮಾಡಿದ್ರ ಡಿಬಿ ತುಂಬಿ ಹಾರ್ಡ್‌ಡಿಸ್ಕಿಗೆ ಹರೀತದ, ಬ್ಲೂಎಫ್‌ಎಸ್ ಸ್ಪಿಲ್‌ಓವರ್ ಎಚ್ಚರಿಕೆ ಬರ್ತದ. ಎದ್ದ ಮ್ಯಾಲೆ ಔಟ್ ಅಂತನೇ ಇದ್ರ ಇನ್ ಮಾಡ್ರಿ. ಒಂದು ಡಿಸ್ಕಿನ 5.7 ಟಿಬಿ ವಾಪಸ್ ಬರೀಲಿಕ್ಕೆ ಸೆಕೆಂಡಿಗೆ 100 ಎಂಬಿ ಸಿಕ್ಕರೂ 16 ತಾಸು ಬೇಕು. ಹೋಗೋದು ಬರೋದು ಸೇರಿ ಡಿಸ್ಕಿಗೆ ಎರಡು ದಿನ ಇಟ್ಕೊಳ್ರಿ.

ಶಹಾಪುರ_ಶೆಲ್ (ಯಾದಗಿರಿ):

ಮೇಲಿನದೆಲ್ಲ ಸರಿ. ಫೈಲ್‌ಸ್ಟೋರ್ ಇರುವಷ್ಟು ಹಳೆಯ ಕ್ಲಸ್ಟರ್ ಆದ್ದರಿಂದ ಮಾನ್‌ಗಳನ್ನೂ ನೋಡಿ. ಪ್ರತಿ ಮಾನ್‌ನ ಡೇಟಾ ಫೋಲ್ಡರಿನಲ್ಲಿ ಕೆವಿ_ಬ್ಯಾಕೆಂಡ್ ಎಂಬ ಪುಟ್ಟ ಫೈಲ್ ಇರುತ್ತದೆ. ಅದರಲ್ಲಿ ಮಾನ್ ಬಳಸುವ ಡೇಟಾಬೇಸ್‌ನ ಹೆಸರು ರಾಕ್ಸ್‌ಡಿಬಿ ಅಂತಿರಬೇಕು. ಲೆವೆಲ್‌ಡಿಬಿ ಅಂತಿದ್ದರೆ ಆ ಮಾನ್ ತೆಗೆದು ಹೊಸದಾಗಿ ಸೇರಿಸಿ, ಕ್ವಿನ್ಸಿಯಿಂದಲೇ ಲೆವೆಲ್‌ಡಿಬಿಗೆ ಬೆಂಬಲ ಇಲ್ಲ. ಮೂರರಲ್ಲಿ ಒಂದು ಇಲ್ಲದ ಹೊತ್ತಿನಲ್ಲಿ ಉಳಿದ ಎರಡೂ ಬದುಕಿರಲೇಬೇಕು, ಆಗ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ನಂತರ ಅಪ್‌ಗ್ರೇಡ್. ಹೆಲ್ತ್ ಓಕೆ ಇರಬೇಕು, ಸರ್ವರ್‌ಗಳ ಗಡಿಯಾರ ಹೊಂದಿರಬೇಕು (ಮಾನ್‌ಗಳು ಸಹಿಸುವುದು 0.05 ಸೆಕೆಂಡ್ ಮಾತ್ರ). ನೋಔಟ್ (ಬಿದ್ದ ಡಿಸ್ಕ್ ತಾನಾಗಿ ಔಟ್ ಆಗದಂತೆ ತಡೆಯುವ ಗುರುತು) ಹಾಕಿ. ಇದು ನಿಮ್ಮಲ್ಲಿ ಬರೀ ಶಾಸ್ತ್ರಕ್ಕಲ್ಲ: ಒಂದು ಸರ್ವರ್ 600 ಸೆಕೆಂಡ್ ಮೀರಿ ಬಿದ್ದಿದ್ದರೆ ಅದರ ಡಿಸ್ಕ್‌ಗಳು ತಾವಾಗಿ ಔಟ್ ಆಗುತ್ತವೆ. 71% ಡೇಟಾ ಮೂರೇ ಸರ್ವರ್‌ಗೆ ಹೋಗಲು ಹೊರಟರೆ 94.7% ಆಗುತ್ತದೆ, 90ಕ್ಕೇ ಬ್ಯಾಕ್‌ಫಿಲ್ ನಿಲ್ಲುತ್ತದೆ.

ರೆಪೊ ಸಾಲಿನಲ್ಲಿ ಪೆಸಿಫಿಕ್ ಬದಲು ರೀಫ್ ಬರೆದು ಪ್ಯಾಕೇಜ್ ಹಾಕಿ. ಮಾನ್‌ಗಳನ್ನು ಒಂದೊಂದಾಗಿ ರೀಸ್ಟಾರ್ಟ್ ಮಾಡಿ, ಪ್ರತಿ ಸಲ ಕೋರಂ (ಮಾನ್‌ಗಳ ಬಹುಮತ) ಕೂಡುವುದನ್ನು ಕಾಯಿರಿ. ಮಾನ್ ಡಂಪ್‌ನಲ್ಲಿ ಮಿನ್_ಮಾನ್_ರಿಲೀಸ್ 18 ಎಂದಾದ ಮೇಲೆ ಮ್ಯಾನೇಜರ್ ಸೇವೆ ರೀಸ್ಟಾರ್ಟ್ ಮಾಡಿ. ಆಮೇಲೆ ಒಎಸ್‌ಡಿ: ಒಂದು ಸರ್ವರ್‌ನ ಆರೂ ಐಡಿ ಕೊಟ್ಟು ಓಕೆ-ಟು-ಸ್ಟಾಪ್ ಕೇಳಿ, ರೀಸ್ಟಾರ್ಟ್ ಮಾಡಿ, ಪಿಜಿಗಳೆಲ್ಲ ಕ್ಲೀನ್ ಆದ ಮೇಲೇ ಮುಂದಿನ ಸರ್ವರ್. ಮಾನ್ ಮತ್ತು ಒಎಸ್‌ಡಿ ಒಂದೇ ಸರ್ವರ್‌ನಲ್ಲಿರುವುದರಿಂದ, ಪ್ಯಾಕೇಜ್ ಹಾಕಿದ ಮೇಲೆ ಯಾವುದಾದರೂ ಒಎಸ್‌ಡಿ ಬಿದ್ದು ಎದ್ದರೆ ಹೊಸ ಆವೃತ್ತಿಯಾಗಿಯೇ ಏಳುತ್ತದೆ. ಹಾಗಾಗಿ ಪ್ಯಾಕೇಜ್ ಇವತ್ತು, ರೀಸ್ಟಾರ್ಟ್ ನಾಳೆ ಎನ್ನಬೇಡಿ.

ಸೆಫ್ ವರ್ಷನ್ಸ್‌ನಲ್ಲಿ ಎಲ್ಲವೂ 18 ಅಂತ ಕಂಡಾಗ ರಿಕ್ವೈರ್-ಒಎಸ್‌ಡಿ-ರಿಲೀಸ್ ರೀಫ್ ಕೊಟ್ಟು ನೋಔಟ್ ತೆಗೆಯಿರಿ. ಮರೆತರೆ ಮುಂದೆ ನಿಜವಾಗಿ ಡಿಸ್ಕ್ ಸತ್ತಾಗಲೂ ರಿಕವರಿ ಶುರುವಾಗುವುದಿಲ್ಲ. ಮಾನ್ ಒಮ್ಮೆ ಮೇಲೇರಿದರೆ ಹಿಂದಕ್ಕೆ ಬರುವ ದಾರಿ ಇಲ್ಲ. ವಿಎಂ ನಿಲ್ಲಿಸಬೇಕಿಲ್ಲ, ಆದರೆ ಓಡುತ್ತಿರುವ ವಿಎಂ ಹಳೆಯ ಲಿಬ್‌ಆರ್‌ಬಿಡಿಯನ್ನೇ (ಆರ್‌ಬಿಡಿ ಬಳಸುವ ಲೈಬ್ರರಿ) ಹಿಡಿದಿರುತ್ತದೆ. ಕೊನೆಗೆ ಒಂದೊಂದನ್ನೇ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು.

ಕಾಗಿಣಾ_ಅಡ್ಮಿನ್:

ಕೆವಿ_ಬ್ಯಾಕೆಂಡ್ ಮೂರರೊಳಗೂ ರಾಕ್ಸ್‌ಡಿಬಿನೇ ಅದ. ಇನ್ನೊಂದು ಕೇಳ್ತೀನ್ರೀ: ಔಟ್ ಮಾಡಿ ಕಾಯೋ ಬದಲು ನೇರ ಡೆಸ್ಟ್ರಾಯ್ ಮಾಡಿ ಅಲ್ಲೇ ಕಟ್ಟಿದ್ರ ಡೇಟಾ ಒಂದೇ ಸಲ ಓಡಾಡ್ತದಲ್ಲ?

ಮಾಂಜ್ರಾ_ನೋಡ್:

ಓಡಾಟ ಅರ್ಧಕ್ಕ ಇಳೀತದ, ಖರೇ. ಆದರ ಅಷ್ಟೂ ತಾಸು ಆ ಡಿಸ್ಕಿನ ಪಿಜಿಗಳಿಗೆ ಎರಡೇ ಪ್ರತಿ ಇರ್ತಾವ. ಇನ್ನೊಂದು ಸರ್ವರ್‌ನೊಳಗ ಅವೇ ಪಿಜಿಗಳ ಪ್ರತಿ ಇರೋ ಡಿಸ್ಕ್ ಹೋತಂದ್ರ ಮಿನ್‌ಸೈಜ್ 2 ಮುರದು ಆ ಪಿಜಿಗಳ ಐಒ (ಓದು-ಬರಹ) ನಿಂತುಬಿಡ್ತದ, ವಿಎಂ ಗಕ್ಕನೆ ನಿಲ್ತಾವ. ಹಳೇ ಡಿಸ್ಕ್ ಮ್ಯಾಲೆ ಹಗಲೂ ರಾತ್ರಿ ಓದು ಬೀಳೋ ಹೊತ್ತಿನ್ಯಾಗೇ ಇನ್ನೊಂದು ಕೈಕೊಡೋದು ಹೆಚ್ಚು. ಔಟ್ ದಾರಿನೇ ಹಿಡೀರಿ.

ಬ್ಯಾಸಗಿ ವಿಚಾರ ಬಿಡ್ರಿ. ಹೊರಗ 42 ಡಿಗ್ರಿ ಇರುವಾಗ ಎಸಿ ಒಂದು ತಾಸು ನಿಂತ್ರೂ ಬ್ಯಾಕ್‌ಫಿಲ್ ನಡೆಸೋ ಡಿಸ್ಕ್ ಸುಡ್ತಾವ. ಫೈಲ್‌ಸ್ಟೋರ್ ಕೆಲಸ ಡಿಸೆಂಬರ್ ಸೂಟಿಗೆ ಇಡ್ರಿ. ಯಾವಾಗ ಮಾಡಿದ್ರೂ ಸ್ಮಾರ್ಟ್‌ಸಿಟಿಎಲ್‌ (ಡಿಸ್ಕಿನ ಆರೋಗ್ಯ ತೋರಿಸೋ ಕಮಾಂಡ್) ಹಾಕಿ ಉಷ್ಣಾಂಶ ನೋಡ್ತಿರ್ರಿ, 50 ದಾಟಿದ್ರ ನೋಬ್ಯಾಕ್‌ಫಿಲ್ ಹಾಕಿ ತಣ್ಣಗಾಗ್ಲಿಕ್ಕೆ ಬಿಡ್ರಿ.

ಶಹಾಪುರ_ಶೆಲ್:

ಕರೆಂಟಿನ ವಿಷಯಕ್ಕೆ ಒಂದು ಕಾಯಂ ಸೆಟ್ಟಿಂಗ್ ಇದೆ: ಮಾನ್_ಒಎಸ್‌ಡಿ_ಡೌನ್_ಔಟ್_ಸಬ್‌ಟ್ರೀ_ಲಿಮಿಟ್ ಡಿಫಾಲ್ಟ್ ಆಗಿ ರ‍್ಯಾಕ್ ಇರುತ್ತದೆ, ಅದನ್ನು ಹೋಸ್ಟ್ ಮಾಡಿ. ಆಗ ಒಂದು ಸರ್ವರ್ ಪೂರಾ ಬಿದ್ದರೆ ತಾನಾಗಿ ಔಟ್ ಆಗುವುದಿಲ್ಲ, ಒಂಟಿ ಡಿಸ್ಕ್ ಸತ್ತರೆ ಎಂದಿನಂತೆ ಔಟ್ ಆಗುತ್ತದೆ.

ರೀಫ್‌ಗೆ ಹೋದ ಮೇಲೆ ಒಎಸ್‌ಡಿ_ಮ್ಯಾಕ್ಸ್_ಬ್ಯಾಕ್‌ಫಿಲ್ಸ್ (ಒಮ್ಮೆಗೆ ಎಷ್ಟು ಬ್ಯಾಕ್‌ಫಿಲ್ ಎಂಬ ಮಿತಿ) ಏರಿಸಿದರೂ ವೇಗ ಬದಲಾಗದು. ಅಲ್ಲಿ ವಿಎಂ ಮತ್ತು ರಿಕವರಿ ಕೆಲಸಕ್ಕೆ ಡಿಸ್ಕಿನ ವೇಗ ಹಂಚುವ ಎಂಕ್ಲಾಕ್ ಶೆಡ್ಯೂಲರ್ ಇದೆ, ಪ್ರೊಫೈಲ್ ಬದಲಿಸಬೇಕು: ಡಿಫಾಲ್ಟ್ ಬ್ಯಾಲೆನ್ಸ್ಡ್, ರಾತ್ರಿಗೆ ಹೈ_ರಿಕವರಿ_ಆಪ್ಸ್, ಕಾಲೇಜು ನಡೆಯುವ ಹೊತ್ತಿಗೆ ಹೈ_ಕ್ಲೈಂಟ್_ಆಪ್ಸ್. ಪ್ರತಿ ಒಎಸ್‌ಡಿಗೆ ಅದು ಅಳೆದಿಟ್ಟ ಐಒಪಿಎಸ್ (ಸೆಕೆಂಡಿಗೆ ಎಷ್ಟು ಓದು-ಬರಹ) ಕೂಡ ಪರೀಕ್ಷಿಸಿ. ಹಾರ್ಡ್‌ಡಿಸ್ಕಿನ ಡಿಫಾಲ್ಟ್ 315. ಒಂದೇ ಮಾದರಿಯ ಡಿಸ್ಕ್‌ಗಳಲ್ಲಿ ಒಂದಕ್ಕೆ ಮಾತ್ರ 80, 90 ಅಂತ ಬಂದಿದ್ದರೆ ಆ ಮೌಲ್ಯ ಅಳಿಸಿ ಒಎಸ್‌ಡಿ ರೀಸ್ಟಾರ್ಟ್ ಮಾಡಿ. ಮತ್ತೆ ಅಷ್ಟೇ ಬಂದರೆ ಆ ಡಿಸ್ಕಿನ ಸ್ಮಾರ್ಟ್ ವರದಿ ತೆಗೆದು ನೋಡಿ.