ಟೋನರ್ ಬೋರ್ಡ್: ಅಂಚಿನ ಟ್ರ್ಯಾಕ್ ಕರಗುತ್ತೆ, ನಡುವೆ ತಾಮ್ರ ಉಳಿಯುತ್ತೆ. ಯಾಕೆ?

ಪ್ರಶ್ನೆ

ಎಲ್‌ಎಂ317 (ವೋಲ್ಟೇಜ್ ಹೊಂದಿಸುವ ಐಸಿ) ಪವರ್ ಸಪ್ಲೈಗೆ ಮನೆಯಲ್ಲೇ ಮಾಡುತ್ತಿರುವ 10×7 ಸೆಂ.ಮೀ. ಸರ್ಕ್ಯೂಟ್ ಬೋರ್ಡ್. ಗ್ಲಾಸ್ ಎಪಾಕ್ಸಿ, ಒಂದೇ ಬದಿ ತಾಮ್ರ, 35 ಮೈಕ್ರಾನ್. ಗ್ಲಾಸಿ ಪೇಪರಿನಲ್ಲಿ ಲೇಸರ್ ಪ್ರಿಂಟ್, ಅದರ ಟೋನರ್ (ಕಪ್ಪು ಪುಡಿ) ತಾಮ್ರಕ್ಕೆ ಅಂಟಲು ಇಸ್ತ್ರಿ 5 ನಿಮಿಷ. ಟೋನರ್ ಇಲ್ಲದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡಿನಲ್ಲಿ 40 ನಿಮಿಷ ಇಟ್ಟರೂ ನಡುವಿನ ಪ್ಯಾಡ್‌ಗಳ (ಬಿಡಿಭಾಗಗಳ ಕಾಲು ಬೆಸೆಯುವ ತಾಣಗಳ) ಸಂದಿಯಲ್ಲಿ ತಾಮ್ರ ಹಾಗೇ ಇದೆ. ಅಷ್ಟರಲ್ಲಿ ಅಂಚಿನ 0.6 ಮಿ.ಮೀ. ಟ್ರ್ಯಾಕ್‌ಗಳು (ತಾಮ್ರದ ಗೆರೆಗಳು) ತುಂಡಾಗಿವೆ. ದೊಡ್ಡ ತಾಮ್ರದ ಹರವಾದ ಗ್ರೌಂಡ್ ಭಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು. ದ್ರಾವಣ ಹಳತಾಯಿತೇ, ಇಸ್ತ್ರಿ ಸಾಲದೇ?

ಉತ್ತರ 1

ಸಂದಿಯಲ್ಲಿ ಉಳಿದ ತಾಮ್ರಕ್ಕೆ ಕಾರಣ ಬಹುಮಟ್ಟಿಗೆ ದ್ರಾವಣವಲ್ಲ, ಪೇಪರ್. ಗ್ಲಾಸಿ ಪೇಪರಿನ ಮೇಲಿರುವ ಬಿಳಿ ಜೇಡಿಯ ಲೇಪನ ಪ್ಯಾಡ್‌ಗಳ ನಡುವೆ ಅಂಟಿಕೊಂಡು ತಾಮ್ರವನ್ನು ಮುಚ್ಚಿಬಿಡುತ್ತದೆ. ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೆ ಮಸುಕಾಗಿ ಬೆಳ್ಳಗೆ ಕಾಣುತ್ತದೆ. ಬಿಸಿನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ 20 ನಿಮಿಷ ನೆನೆಸಿ, ಹೆಬ್ಬೆರಳಿಂದ ಉಜ್ಜಿ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ತಿಕ್ಕಿ. ಪೇಪರನ್ನು ಎಳೆದು ಕೀಳಬೇಡಿ, ಟೋನರೂ ಜೊತೆಗೇ ಬರುತ್ತದೆ.

ಪೂರ್ತಿ ಎಚ್ ಮಾಡುವ (ತಾಮ್ರ ಕರಗಿಸುವ) ಮೊದಲು ಒಂದು ಪರೀಕ್ಷೆ: ಬೋರ್ಡನ್ನು ದ್ರಾವಣದಲ್ಲಿ 30 ಸೆಕೆಂಡ್ ಅದ್ದಿ ತೊಳೆಯಿರಿ. ಶುದ್ಧ ತಾಮ್ರ ಹೊಳಪು ಕಳೆದುಕೊಂಡು ನಸುಗೆಂಪಾಗುತ್ತದೆ. ಇನ್ನೂ ಮಿರಮಿರ ಹೊಳೆಯುವ ಜಾಗದಲ್ಲಿ ಏನೋ ಅಂಟಿದೆ ಎಂದರ್ಥ. ಅಲ್ಲಿ ಮತ್ತೆ ತಿಕ್ಕಿ.

ಸೂಜಿತೂತುಗಳು ಬೇರೆ ವಿಷಯ. ದೊಡ್ಡ ಕಪ್ಪು ಭಾಗದಲ್ಲಿ ಪ್ರಿಂಟರ್ ಟೋನರನ್ನು ತೆಳ್ಳಗೆ ಹಾಕುತ್ತದೆ. ಟೋನರ್ ಸೇವ್ ತೆಗೆದು ಡೆನ್ಸಿಟಿ ಗರಿಷ್ಠಕ್ಕೆ ಇಡಿ, ಗ್ರೌಂಡನ್ನು ಜಾಲರಿಯಂತೆ ಬಿಡಿಸಿ. ಉಳಿದ ತೂತುಗಳಿಗೆ ಪರ್ಮನೆಂಟ್ ಮಾರ್ಕರ್ ಎರಡು ಸಲ ಹಚ್ಚಿದರೆ ಸಾಕು.

ಇಸ್ತ್ರಿಯಲ್ಲಿ ಕಾಟನ್ ಸೆಟ್ಟಿಂಗ್, ಆವಿ ಬೇಡವೇ ಬೇಡ. ಆವಿ ತೂತುಗಳಿರುವ ತಳ ಆ ಜಾಗಗಳಲ್ಲಿ ಒತ್ತುವುದಿಲ್ಲ. ಆದ್ದರಿಂದ ಕೊನೆಗೆ ಪೆಟ್ಟಿಗೆಯ ಮೂತಿಯಿಂದ ನಾಲ್ಕೂ ಅಂಚುಗಳನ್ನು ಒತ್ತಿ ಎಳೆಯಿರಿ. ಅದಕ್ಕೂ ಮೊದಲು ತಾಮ್ರವನ್ನು ಹಸಿರು ಸ್ಕ್ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಆಮೇಲೆ ಬೆರಳು ತಾಗಿಸಬಾರದು.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ಆದರೆ 40 ನಿಮಿಷವೇ ಅತಿಯಾಯಿತು. ಎಚಿಂಗ್ ಕೆಳಕ್ಕಷ್ಟೇ ಅಲ್ಲ, ಟೋನರಿನ ಅಡಿಯಲ್ಲಿ ಪಕ್ಕಕ್ಕೂ ತಿನ್ನುತ್ತದೆ. ಅಂಚಿಗೆ ತಾಜಾ ದ್ರಾವಣ ಬೇಗ ಸಿಗುವುದರಿಂದ ಅಲ್ಲಿ ಕೆಲಸ ಮೊದಲು ಮುಗಿಯುತ್ತದೆ. ನಡುವಿನದಕ್ಕೆ ಕಾಯುತ್ತ ಕೂತರೆ ಅಂಚಿನ ಟ್ರ್ಯಾಕ್ ಹೋಗುವುದೇ.

ಲೆಕ್ಕ ನೋಡಿ: 70 ಚದರ ಸೆಂ.ಮೀ.ನಲ್ಲಿ ಇರುವ ತಾಮ್ರ ಸುಮಾರು 2.2 ಗ್ರಾಂ. ಎಲ್ಲವನ್ನೂ ಕರಗಿಸಲು ಹರಳು ರೂಪದ ಫೆರಿಕ್ ಕ್ಲೋರೈಡ್ ಸುಮಾರು 19 ಗ್ರಾಂ ಸಾಕು. ಆದರೆ ಬಲ ಕುಂದುತ್ತ ಹೋದಂತೆ ವೇಗ ಇಳಿಯುತ್ತದೆ, ಅದಕ್ಕೆ ಹಲವು ಪಟ್ಟು ಹೆಚ್ಚಿರಬೇಕು. ಅರ್ಧ ಲೀಟರ್ ನೀರಿಗೆ 250 ಗ್ರಾಂ, ನೀರಿಗೆ ಹರಳನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹರಳಿಗೆ ನೀರು ಸುರಿಯಬೇಡಿ, ಬಿಸಿಯೇರಿ ಸಿಡಿಯುತ್ತದೆ. ಪ್ಲಾಸ್ಟಿಕ್ ಟ್ರೇ ಮಾತ್ರ. ಸ್ಟೀಲ್, ಅಲ್ಯೂಮಿನಿಯಂ ಎರಡನ್ನೂ ಅದು ತಿನ್ನುತ್ತದೆ.

ಟ್ರೇಯನ್ನು ಬಿಸಿನೀರಿನ ಬೇಸಿನ್ನಿನೊಳಗಿಟ್ಟು ದ್ರಾವಣವನ್ನು 40–45 ಡಿಗ್ರಿಗೆ ತನ್ನಿ. ಬೋರ್ಡಿನ ಬೆನ್ನಿಗೆ ಟೇಪಿನ ಹಿಡಿ ಅಂಟಿಸಿ, ತಾಮ್ರ ಕೆಳಮುಖವಾಗಿ ತೇಲಿಸಿ. ಬಳಕೆಯಾದ ಭಾರದ ದ್ರಾವಣ ತಾನೇ ಕೆಳಗಿಳಿಯುತ್ತದೆ. ಎರಡೆರಡು ನಿಮಿಷಕ್ಕೆ ಎತ್ತಿ ನೋಡಿ, ಗಾಳಿಗುಳ್ಳೆ ಸಿಕ್ಕಿಕೊಂಡ ಜಾಗದಲ್ಲಿ ತಾಮ್ರ ಉಳಿದುಬಿಡುತ್ತದೆ. 10ರಿಂದ 20 ನಿಮಿಷದಲ್ಲಿ ಮುಗಿಯಬೇಕು.

ಟ್ರ್ಯಾಕನ್ನು 0.6ರ ಬದಲು 1 ಮಿ.ಮೀ. ಮಾಡಿ. ಪವರ್ ಸಪ್ಲೈಗೆ ಹೇಗೂ ಅಗಲವೇ ಒಳ್ಳೆಯದು.

ಪ್ರಶ್ನೆ ಕೇಳಿದವರು

ಸಂದಿಯಲ್ಲಿ ಬಿಳಿ ಲೇಪನವೇ ಇತ್ತು, ಲೆನ್ಸಿನಲ್ಲಿ ಕಂಡಿತು. ಇನ್ನೆರಡು: ಪ್ರಿಂಟ್ ತಿರುವುಮುರುವಾಗಿ ತೆಗೆಯಬೇಕೇ? ಬಿಡಿಭಾಗಗಳ ಕಾಲಿಗೆ ಕೊರೆಯುವ ತೂತಿನ ಅಳತೆ ಎಷ್ಟು?

ಉತ್ತರ 3

ಕೆಳಪದರದ ತಾಮ್ರಕ್ಕೆ ಮಿರರ್ ಬೇಡ: ಡಿಸೈನ್ ಸಾಫ್ಟ್‌ವೇರ್ ಅದನ್ನು ಮೇಲಿಂದ ನೋಡಿದಂತೆ, ತಿರುಗಿಯೇ ತೋರಿಸುತ್ತದೆ, ಇಸ್ತ್ರಿಯೇ ಅದನ್ನು ನೇರಕ್ಕೆ ತಿರುಗಿಸುತ್ತದೆ. ತಾಮ್ರದ ಬದಿಯಲ್ಲಿ ಒಂದು ಅಕ್ಷರ ಇಡಿ: ಪೇಪರಿನಲ್ಲಿ ತಿರುಗಿ ಕಾಣಬೇಕು, ತಾಮ್ರದಲ್ಲಿ ನೇರ. ಇಲ್ಲಿ ತಪ್ಪಿದರೆ ಎಲ್‌ಎಂ317ರ ಅಡ್ಜಸ್ಟ್ ಮತ್ತು ಇನ್‌ಪುಟ್ ಕಾಲುಗಳು ಅದಲುಬದಲಾಗುತ್ತವೆ.

ರೆಸಿಸ್ಟರಿಗೆ 0.8, 1ಎನ್4007 ಡಯೋಡಿಗೆ 1.0, ಎಲ್‌ಎಂ317ಗೆ 1.1 ಮಿ.ಮೀ. ಪ್ರತಿ ಪ್ಯಾಡಿನ ನಟ್ಟನಡುವೆ ಸಣ್ಣ ಬಿಂದುವಷ್ಟು ತಾಮ್ರ ಇಲ್ಲದಂತೆ ಬಿಡಿಸಿದರೆ ಬಿಟ್ ಜಾರುವುದಿಲ್ಲ. ಕಾರ್ಬೈಡ್ ಬಿಟ್ ಕೈಯಲ್ಲಿ ಹಿಡಿದ ಡ್ರಿಲ್ಲಿಗೆ ಬೇಡ, ಸ್ವಲ್ಪ ವಾಲಿದರೂ ಮುರಿಯುತ್ತದೆ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಬಳಸಿ, ಗಾಜಿನ ನಾರು ಅದನ್ನು ಬೇಗ ಮೊಂಡು ಮಾಡುತ್ತದೆ, ಎರಡು ಮೂರು ಜೊತೆಗಿರಲಿ. ಆ ದೂಳು ಗಾಜಿನದು, ಮಾಸ್ಕ್ ತಪ್ಪಿಸಬೇಡಿ.

ಹಳೆಯ ದ್ರಾವಣವನ್ನು ಸಿಂಕಿಗೆ ಖಂಡಿತ ಸುರಿಯಬೇಡಿ, ಅದರಲ್ಲಿ ಕರಗಿದ ತಾಮ್ರ ಕೆರೆ ಮೀನುಗಳಿಗೆ ವಿಷ. ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಚಮಚ ಚಮಚವಾಗಿ ಹಾಕಿ, ತುಂಬಾ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಎರಡು ದಿನ ಬಿಟ್ಟು, ತಳದ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿ ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ.