‘ದಿ ರೈಡರ್’ ಓದ್ತಿದ್ದೀನಿ: 43-19 ಅಂದ್ರೇನು? ಗಟ್ಟಿಗ ಇದ್ದವನು ಸುಮ್ನೆ ಮುಂದೆ ಹೋಗಬಾರದಾ?

ಪುಟತಿರುವಿ:
ಟಿಮ್ ಕ್ರಾಬೆಯ ಸೈಕಲ್ ರೇಸಿನ ಕಾದಂಬರಿ ‘ದಿ ರೈಡರ್’ ಅರ್ಧ ಆಯ್ತು. ಡಚ್ಚಿನಲ್ಲಿ 1978ರಲ್ಲಿ ಬಂದದ್ದು, ನನ್ನ ಹತ್ರ ಇರೋದು ಇಂಗ್ಲಿಷ್ ಅನುವಾದ. ಫ್ರಾನ್ಸಿನ ಮಾಂಟ್ ಎಗ್ವಾಲ್ ಬೆಟ್ಟದ ಸುತ್ತ ಒಂದೇ ದಿನದ ರೇಸು, ಕಿಲೋಮೀಟರ್ ಲೆಕ್ಕದಲ್ಲೇ ಕಥೆ ಸಾಗುತ್ತೆ. ಭಾಷೆ ಸಲೀಸು, ರೇಸೇ ತಲೆಗೆ ಹತ್ತುತ್ತಿಲ್ಲ. 43-19 ಥರದ ಅಂಕಿ ಬಂದಾಗೆಲ್ಲ ಹಾರಿಸಿಬಿಡ್ತೀನಿ. ಹಿಂದೆ ಅಂಟಿಕೊಂಡು ಬರೋ ಹುಡುಗನ ಮೇಲೆ ನಿರೂಪಕನಿಗೆ ಯಾಕಷ್ಟು ಉರಿ? ಮತ್ತೆ ಆಂಕೆತೀಲ್ ಅನ್ನೋ ಸೈಕಲ್ ಸವಾರನ ನೀರಿನ ಬಾಟಲಿ ವಿಚಾರ ನಿಜಾನಾ?

ಚೈನ್‌ವೀಲ್:
ಅಂಕಿ ಹಾರಿಸಬೇಡಿ, ಅರ್ಧ ಕಥೆ ಅಲ್ಲೇ ಇದೆ. 43 ಅಂದ್ರೆ ಮುಂದೆ ಪೆಡಲಿಗೆ ಸೇರಿದ ಚೈನ್‌ವೀಲಿನ ಹಲ್ಲು, 19 ಹಿಂದಿನ ಗಾಲಿಯಲ್ಲಿರೋದರ ಹಲ್ಲು. ಭಾಗಿಸಿದರೆ 2.26. ರೇಸ್ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್, ಅಂದ್ರೆ ಒಂದು ಸುತ್ತು ಪೆಡಲ್ ತುಳಿದರೆ 4.75 ಮೀಟರ್ ಮುಂದೆ. ಹಿಂದೆ 20 ಹಾಕಿದರೆ 4.5. ವ್ಯತ್ಯಾಸ ಹೆಚ್ಚುಕಮ್ಮಿ ಒಂದು ಗೇಣು. ಆ ಗೇಣಿಗೇ ಏರಿನಲ್ಲಿ ಜಗಳ: ನಿಮಿಷಕ್ಕೆ 60 ಸುತ್ತು ತುಳಿದರೆ 19ರಲ್ಲಿ ಗಂಟೆಗೆ 17 ಕಿ.ಮೀ., 20ರಲ್ಲಿ 16 ಚಿಲ್ಲರೆ. ಸಮತಟ್ಟಿನಲ್ಲಿ 52-13 ಹಾಕಿದರೆ ಒಂದು ಸುತ್ತಿಗೆ 8.4 ಮೀಟರ್. ಓದುವಾಗ ಇಷ್ಟು ನೆನಪಿಟ್ಟುಕೊಳ್ಳಿ: ಹಿಂದಿನ ಅಂಕಿ ದೊಡ್ಡದಾಯ್ತು ಅಂದ್ರೆ ಏರು ಕಡಿದಾಯ್ತು, ಇಲ್ಲಾ ಕಾಲು ಸೋತಿತು.

ಇನ್ನೊಂದು, ಕಥೆ ನಡೆಯೋದು 1977ರಲ್ಲಿ. ಆಗ ಗೇರಿನ ಲಿವರ್ ಇದ್ದದ್ದು ಕೆಳಗಿನ ಫ್ರೇಮ್ ಪೈಪಿನ ಮೇಲೆ. ಬದಲಿಸಬೇಕಾದರೆ ಹ್ಯಾಂಡಲ್ ಬಿಟ್ಟು ಬಗ್ಗಬೇಕು. ಈಗಿನಂತೆ ‘ಟಕ್’ ಅಂತ ಕೂರಲ್ಲ, ಕೈ ಅಂದಾಜಿನಲ್ಲೇ ಎಳೀಬೇಕು, ತಪ್ಪಿದರೆ ಚೈನು ಕರಕರ ಅನ್ನುತ್ತೆ. ಪಾದಕ್ಕೆ ತೊಗಲಿನ ಪಟ್ಟಿ ಬೇರೆ. ಸ್ಪ್ರಿಂಟಿಗೆ, ಅಂದ್ರೆ ಕೊನೇ ಜೋರು ಓಟಕ್ಕೆ ಮುಂಚೆ ಅದನ್ನೂ ಬಗ್ಗಿ ಬಿಗೀಬೇಕು. ಹಾಗಾಗಿ ಪಕ್ಕದವನ ಕೈ ಕೆಳಗಿಳಿದರೆ ಸಾಕು, ಏನೋ ಮಾಡ್ತಾನೆ ಅಂತ ಎಲ್ಲರಿಗೂ ಗೊತ್ತು. ಇಸ್ಪೀಟಿನಲ್ಲಿ ಎದುರಿನವನ ಮುಖ ನೋಡಿದ ಹಾಗೆ.

ಎದುರುಗಾಳಿ:
ಹುಡುಗನ ವಿಷಯಕ್ಕೆ ಬರ್ತೀನಿ. ಸಮತಟ್ಟಿನಲ್ಲಿ ಗಂಟೆಗೆ 40 ಕಿ.ಮೀ. ಓಡಿಸುವಾಗ ಶ್ರಮದ ಬಹುಪಾಲು ಗಾಳಿ ಸೀಳೋದಕ್ಕೇ ಹೋಗುತ್ತೆ. ಮುಂದಿನವನ ಗಾಲಿಗೆ ಅಂಟಿಕೊಂಡರೆ ಸುಮಾರು ಮೂರನೇ ಒಂದು ಪಾಲು ಉಳಿತಾಯ. ನಾಲ್ಕು ಜನ ತಪ್ಪಿಸಿಕೊಂಡು ಮುಂದೆ ಹೋದರು ಅನ್ನಿ. ಸರದಿಯಂತೆ ಒಬ್ಬೊಬ್ಬನೂ ಎದುರುಗಾಳಿ ತಿಂದರಷ್ಟೇ ಹಿಂದಿನ ಗುಂಪು ಹಿಡಿಯಲ್ಲ. ಒಬ್ಬ ಸರದಿ ತಪ್ಪಿಸಿದರೆ ಉಳಿದ ಮೂವರು ದುಡಿದು ಅವನಿಗೆ ಸ್ಪ್ರಿಂಟು ಕಟ್ಟಿಕೊಟ್ಟ ಹಾಗೆ. ನಿಯಮ ಪ್ರಕಾರ ತಪ್ಪಲ್ಲ, ಮರ್ಯಾದೆ ಪ್ರಕಾರ ತಪ್ಪು. ಹಾಗಂತ ಸಿಟ್ಟಿಗೆ ನೀವೂ ನಿಧಾನ ಮಾಡಿದಿರೋ, ಹಿಂದಿನವರು ಬಂದು ಇಬ್ಬರನ್ನೂ ನುಂಗ್ತಾರೆ. ನಿರೂಪಕ ಬೈಯುತ್ತಲೇ ಎಳೆಯೋದು ಅದಕ್ಕೇ.

ಗಟ್ಟಿಗ ಮುಂದೆ ಹೋಗದಿರೋದೂ ಇದಕ್ಕೇ: ಒಂಟಿಯಾಗಿ ಹೋದರೆ ಹಿಂದಿನ ಇಪ್ಪತ್ತು ಜನ ಸರದಿ ಹಾಕಿ ಹಿಡೀತಾರೆ.

ಚೈನ್‌ವೀಲ್:
ಒಂದು ಸೇರಿಸಿ ಸರ್, ಆ ಉಳಿತಾಯ ಏರಿನಲ್ಲಿ ಅಷ್ಟು ಇಲ್ಲ. ಕಡಿದಾದ ಕಡೆ ವೇಗ 15ಕ್ಕೆ ಇಳಿದರೆ ಹಿಂದೆ ಕೂತು ಲಾಭ ತೀರಾ ಕಡಿಮೆ, ಅಲ್ಲಿ ನಡೆಯೋದು ತೂಕ ಮತ್ತು ಉಸಿರಿನ ಲೆಕ್ಕ. ಕಾದಂಬರಿಕಾರರು ಬೆಟ್ಟಕ್ಕೇ ಜೋತುಬೀಳೋದು ಸುಮ್ಮನಲ್ಲ. ಮರೆಮಾಡೋಕೆ ಅಲ್ಲಿ ಜಾಗವೇ ಇಲ್ಲ.

ಗೇಣುದ್ದ:
ಬಾಟಲಿ ವಿಚಾರ. ಆಂಕೆತೀಲ್ ಐದು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದವನು. ಏರಿಗೆ ಮುಂಚೆ ಬಾಟಲಿಯನ್ನ ಸೈಕಲ್ಲಿನಿಂದ ತೆಗೆದು ಜೆರ್ಸಿಯ ಬೆನ್ನಿನ ಜೇಬಿಗೆ ಹಾಕ್ತಿದ್ದನಂತೆ, ಸೈಕಲ್ ಹಗುರ ಆಗಲಿ ಅಂತ. ಭೌತಶಾಸ್ತ್ರಕ್ಕೆ ಇದು ಸೊನ್ನೆ: ಅರ್ಧ ಲೀಟರ್ ನೀರು ಅರ್ಧ ಕಿಲೋನೇ, ಹೊರೋನು ಅದೇ ಮನುಷ್ಯ. ನಿರೂಪಕನೇ ಮುಂದೆ ಹೇಳ್ತಾನೆ, ಹಳೇ ಫೋಟೋಗಳಲ್ಲಿ ಬಾಟಲಿ ಸೈಕಲ್ಲಲ್ಲೇ ಇದೆ ಅಂತ. ಆದರೂ ಕಥೆಯನ್ನ ಬಿಟ್ಟುಕೊಡಲ್ಲ. ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಪುಟತಿರುವಿ:
ವಾಹ್, ಮೊದಲಿಂದ ಮತ್ತೆ ಶುರು ಮಾಡ್ತೀನಿ. ಇಳಿಜಾರಿನಲ್ಲಿ ಅಷ್ಟು ಭಯ ಯಾಕೆ, ಬ್ರೇಕ್ ಹಿಡಿದರಾಯ್ತಲ್ಲ?

ಎದುರುಗಾಳಿ:
ಹಿಡಿದೇ ಇದ್ದರೆ ರಿಮ್ ಕಾಯುತ್ತೆ. ಆಗಿನ ಟೈರು ರಿಮ್ಮಿಗೆ ಅಂಟು ಹಚ್ಚಿ ಕೂರಿಸಿದ್ದು. ಕಾದರೆ ಅಂಟು ಮೆತ್ತಗಾಗಿ ತಿರುವಿನಲ್ಲಿ ಟೈರು ಜಾರಿ ಕಿತ್ತು ಬರಬಹುದು. ಅದಕ್ಕೇ ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಹಿಡಿದು ಬಿಡೋದು, ತಿರುವಿನೊಳಗೆ ಮುಟ್ಟದೇ ಇರೋದು. ಮಳೆ ಬಂದರೆ ಒದ್ದೆ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಮೊದಲು ನೀರು ಒರೆಸುತ್ತೆ, ಆಮೇಲೆ ಹಿಡಿಯುತ್ತೆ. ಅಷ್ಟರಲ್ಲಿ ತಿರುವು ಬಂದಿರುತ್ತೆ.

ಗೇಣುದ್ದ:
ಇದು ಮುಗಿದ ಮೇಲೆ ಜೋ ಮುಂಗೋ ರೀಡ್‌ನ ‘ವಿ ಬಿಗಿನ್ ಅವರ್ ಅಸೆಂಟ್’ (2018) ಹಿಡೀರಿ. ಅಲ್ಲಿ ನಿರೂಪಕ ಗೆಲ್ಲೋಕೆ ಬಂದವನೇ ಅಲ್ಲ, ನಾಯಕನಿಗೆ ಗಾಳಿ ತಡೆಯೋ ಆಳು. ಉದ್ದೀಪನ ಮದ್ದಿನ ವಿಚಾರವೂ ಇದೆ. ಕ್ರಾಬೆಯಷ್ಟು ಬಿಗಿ ಇಲ್ಲ, ಆದರೆ ತಂಡದ ಲೆಕ್ಕಾಚಾರ ಅದರಲ್ಲಿ ಚೆನ್ನಾಗಿ ಸಿಗುತ್ತೆ. ಕ್ರಾಬೆಯ ಕೊನೇ ಪುಟ ಮಾತ್ರ ಮೊದಲೇ ತಿರುವಿ ನೋಡಬೇಡಿ, ಹೆಸರು ಹಾಗಿಟ್ಟುಕೊಂಡಿದ್ದೀರಿ ಅಂತ ಹೇಳಿದೆ.